ಲೈನ್ ಎಂಬ ಒಂದು ಮಾತು

ನನಗೆ ಬರುವ ನಾಲ್ಕಕ್ಷರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಸವೆಸಿದ ಪದ ಯಾವುದೆಂದು ಯಾರಾದರೂ ಕೇಳಿದರೆ, ಸಂಕೋಚವಿಲ್ಲದೆ ‘ಲೈನ್’ ಎನ್ನುತ್ತೇನೆ. ಅರವತ್ತರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ನಾನು ದೇವನಹಳ್ಳಿಯಿಂದ ಬೆಂಗಳೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಶಾಲೆಯ ಹೊತ್ತಿನಲ್ಲಿ ಮೇಷ್ಟ್ರು, ಉಳಿದ ಹೊತ್ತು ವರದಿಗಾರ.

ಆ ಕಸುಬಿನಲ್ಲಿ ಎತ್ತ ತಿರುಗಿದರೂ ಲೈನೇ. ಸುದ್ದಿಯ ನೆತ್ತಿಯ ಮೇಲೆ ಕೂರುವುದು ಹೆಡ್‌ಲೈನ್. ಊರು, ತಾರೀಖು ಹೇಳುವುದು ಡೇಟ್‌ಲೈನ್. ಬರೆದವನ ಹೆಸರು ಬೈಲೈನ್. ಅದು ಬೆಂಗಳೂರಿನ ಕಚೇರಿಯಲ್ಲಿ ಕುರ್ಚಿ ಇದ್ದವರಿಗೆ ಮಾತ್ರ. ಸುದ್ದಿ ಮುಟ್ಟಬೇಕಾದ ಗಡುವು ಡೆಡ್‌ಲೈನ್. ಇಷ್ಟನ್ನೂ ಮುಟ್ಟಿಸಲು ಅಂಚೆ ಕಚೇರಿಯ ಟ್ರಂಕ್ ಕಾಲ್‌ಗೆ ಬೇಕಾದದ್ದೂ ಲೈನ್. ಅದು ಸಿಗುವುದು ದೈವೇಚ್ಛೆ. ನಾನು ಇಪ್ಪತ್ತು ಲೈನ್ ಓದಿ ಹೇಳಿದರೆ ಅಚ್ಚಾಗುತ್ತಿದ್ದದ್ದು ಆರು. ಆ ಆರನ್ನೂ ಕತ್ತರಿಸಿಟ್ಟುಕೊಳ್ಳುತ್ತಿದ್ದೆ ಎಂಬುದು ಬೇರೆ ಮಾತು.

ಒಂದು ಮಳೆಗಾಲದ ಬೆಳಗ್ಗೆ ಬೂದಿಗೆರೆ ಕಡೆಯ ಹಳ್ಳಿಯೊಂದರ ಕೆರೆ ಒಡೆಯಿತು. ಏಳು ಜನ ಕೊಚ್ಚಿಹೋದರೆಂದು ಬಸ್ ಸ್ಟ್ಯಾಂಡಿನಲ್ಲಿ ಮಾತು. ಶಾಲೆಗೆ ರಜೆ ಹಾಕಿ ಸೈಕಲ್ ತುಳಿದು ಹೋದೆ. ಕೆಳಗಿನ ಬೀದಿಯಲ್ಲಿ ಮೊಣಕಾಲುದ್ದ ಕೆಸರು, ಕುಸಿದ ಗೋಡೆಗಳು. ಗೂಟಕ್ಕೆ ಕಟ್ಟಿದಂತೆಯೇ ಸತ್ತಿದ್ದ ಎಮ್ಮೆಯೊಂದನ್ನು ಬರೆದುಕೊಳ್ಳಲು ಹೋದೆ. ಪೆನ್ಸಿಲ್ ಎರಡು ಸಲ ಬಿತ್ತು.

ಎತ್ತಿಕೊಟ್ಟವನು ನೀರುಗಂಟಿ ಪಿಳ್ಳಪ್ಪ. ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಅದಕ್ಕಾಗಿ ಸುಗ್ಗಿಯಲ್ಲಿ ಮನೆಮನೆಯಿಂದ ಧಾನ್ಯ ಪಡೆಯುವವನಾದ್ದರಿಂದ ಯಾವ ಮನೆಯಲ್ಲಿ ಎಷ್ಟು ಜನ ಎಂಬುದು ಅವನಿಗೆ ಬಾಯಿಪಾಠ. ನನ್ನನ್ನು ಬಾಗಿಲಿಂದ ಬಾಗಿಲಿಗೆ ಕರೆದೊಯ್ದ. “ಲೇ ಚಿಕ್ಕಣ್ಣ, ಒಳಗಿದ್ದೀನಿ ಅಂದ್ರೆ ಆಗಕಿಲ್ಲ ಕಣೋ, ಈಚೆ ಬಂದು ಮಕ ತೋರ್ಸು!” ಎಂದು ಒಬ್ಬೊಬ್ಬರನ್ನೂ ಹೊರಗೆ ನಿಲ್ಲಿಸಿ ನೋಡಿದ. ಮಧ್ಯಾಹ್ನ ಮೂರರ ಹೊತ್ತಿಗೆ ಏಳು ಹೋಗಿ ಒಂದಾಯಿತು. ಕಾಣದವಳು ರತ್ನಮ್ಮ, ಆ ಊರಿಗೆ ಬಂದ ಸೊಸೆ. ಅವಳ ಸೀರೆ ಜಾಲಿಮುಳ್ಳಿಗೆ ಸಿಕ್ಕಿಕೊಂಡಿತ್ತು. ಗಂಡ ಹಳ್ಳದ ಉದ್ದಕ್ಕೂ ಹುಡುಕುತ್ತಿದ್ದ. “ನನ್ ಸೊಸೆ ಹೋದ್ಲಪ್ಪಾ, ಬರ್ಕೊಳ್ಳಿ” ಎಂದು ಅತ್ತೆ ಎದೆ ಬಡಿದುಕೊಂಡರು.

ನಾನು ಹೆಸರು ಬರೆದೆ. ಪಿಳ್ಳಪ್ಪ ಪಕ್ಕಕ್ಕೆ ಕರೆದು, “ಸಾಮಿ, ನೀವು ಕಂಡಿರೋದು ಸೀರೆನ, ಹೆಣಾನಲ್ಲ. ನಂದಗುಡೀಲಿ ಅವಳಪ್ಪ ಅವ್ನೆ, ಪೇಪರ್ ಓದ್ತಾನೆ” ಎಂದ.

ಆರು ಗಂಟೆಗೆ ಲೈನ್ ಸಿಕ್ಕಿತು. ಸುದ್ದಿ ಸಂಪಾದಕರು ಕೇಳಿದ್ದು ಒಂದೇ: “ಸತ್ತೋರೆಷ್ಟು ಮೇಷ್ಟ್ರೇ?”

“ಯಾರೂ ಇಲ್ಲ ಸಾರ್. ಒಬ್ಬ ಹೆಂಗಸು ಕಾಣಿಸ್ತಿಲ್ಲ.”

“ಬೇರೆಯವರು ಏಳು ಅಂತಿದ್ದಾರಲ್ರೀ! ಹೋಗ್ಲಿ, ಆಕೆ ಹೆಸರು ಹೇಳಿ.”

“ಗೊತ್ತು ಸಾರ್, ಕೊಡಲ್ಲ.”

“ನಿಮ್ಮನ್ನಿಟ್ಕೊಂಡು ಪೇಪರ್ ನಡೆಸಿದ ಹಾಗೇ!” ಎಂದು ಫೋನ್ ಕುಕ್ಕಿದರು. ಕೆಲಸ ಹೋಯಿತೆಂದೇ ತಿಳಿದೆ.

ಮರುದಿನ ನಾಲ್ಕು ಲೈನ್ ಅಚ್ಚಾಗಿತ್ತು. ಊರಿನ ಹೆಸರು, ಒಡೆದ ಕೆರೆ, ಕಾಣದ ಒಬ್ಬ ಮಹಿಳೆ. ಶಾಲೆ ಬಿಟ್ಟು ಮತ್ತೆ ಸೈಕಲ್ ತುಳಿದೆ. ಆಗತಾನೆ ಬಸ್ಸಿಳಿದ ರತ್ನಮ್ಮ ತಂದೆಯ ಜೊತೆ ಬರುತ್ತಿದ್ದಳು. ಅತ್ತೆಯೊಡನೆ ಜಗಳವಾಡಿ, ಒಗೆದು ಹರವಿದ್ದ ಸೀರೆಯನ್ನು ಜಾಲಿ ಬೇಲಿಯ ಮೇಲೆಯೇ ಬಿಟ್ಟು, ಕೆರೆ ಒಡೆಯುವ ಮೊದಲೇ ಬಸ್ಸು ಹತ್ತಿದ್ದಳು. ಜಗಳದ ವಿಷಯವನ್ನು ಅತ್ತೆ ಊರೆದುರು ಹೇಳಲು ನಾಚಿದ್ದರು.

“ಪೇಪರ್ ಓದಿ, ‘ಅದು ನೀನೇ ಇರ್ಬೇಕು ಕಣಮ್ಮ, ಮೊದ್ಲು ಹೋಗಿ ಕಾಣಿಸ್ಕೊ ನಡಿ, ಜಗಳ ಆಮೇಲಾಡೀಯಂತೆ’ ಅಂದೆ” ಎಂದರು ತಂದೆ. ಅತ್ತೆ ಅವಳನ್ನು ತಬ್ಬಿಕೊಂಡು ಅತ್ತರು, ಅಳುತ್ತಲೇ ಬೈದರು.

ಸೈಕಲ್ ಓಡಿಸಿಕೊಂಡು ಬಂದು ಬೆಂಗಳೂರಿಗೆ ಫೋನ್ ಮಾಡಿದೆ: “ಸಾರ್, ಆ ಹೆಂಗಸು ಬದುಕಿದ್ದಾರೆ!”

“ಬದುಕಿದ್ರೆ ನ್ಯೂಸ್ ಏನ್ರೀ ಅದರಲ್ಲಿ?” ಎಂದರು.

ಏನೂ ಇರಲಿಲ್ಲ. ಪತ್ರಿಕೆಗೆ ಬೇಡವಾದ ಆ ಸುದ್ದಿಯನ್ನು ಅಂಚೆ ಕಚೇರಿಯಿಂದ ಮನೆಯವರೆಗೆ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದೆ. ಎದೆಯುಬ್ಬಿಸಿ ಹೇಳಿದೆ.