ವಿಮಾನಕ್ಕೆ ಬಿಟ್ಟ ಜಾಗ

ಹಂದನಕೆರೆ ಕಡೆಯ ನಮ್ಮೂರಿನಲ್ಲಿ ಕಾಯಿ ಬಿಡುತ್ತಿದ್ದ ತೆಂಗಿನ ಮರಕ್ಕೆ ತಾನಾಗಿ ಕೊಡಲಿ ಹಾಕಿದವನು ಸಣ್ಣತಿಮ್ಮಯ್ಯ, ನಮ್ಮೆಲ್ಲರ ತಿಮ್ಮಣ್ಣ, ಒಬ್ಬನೇ. ಒಂದಲ್ಲ, ನಲವತ್ತು ಮರ. ಎಪ್ಪತ್ಮೂರರಲ್ಲಿ ಕಡಲೆಕಾಯಿ ಹೊಲಗಳಿಗೆ ಕಂಬಳಿಹುಳು ಬಿದ್ದಾಗ, ಔಷಧಿ ಹೊಡೆಯುವ ವಿಮಾನ ಇಳಿಯಲೆಂದು ಗೋಮಾಳವನ್ನು ಮಟ್ಟ ಮಾಡಿದರು. ಅದರ ಕೊನೆಗೆ ತಿಮ್ಮಣ್ಣನ ತೋಟ. ಮರಗಳು ಅಡ್ಡ ಬರುತ್ತವೆ ಎಂದು ಕೃಷಿ ಇಲಾಖೆಯ ಸಾಹೇಬರು ಒಂದು ಮಾತು ಅಂದರು. ಇವನು ಅಪ್ಪ ನೆಟ್ಟ ಮರಗಳನ್ನು ಎರಡೇ ದಿನದಲ್ಲಿ ಉರುಳಿಸಿಬಿಟ್ಟ. ಉಳಿದದ್ದು ಹಿತ್ತಲಿನ ಎರಡು ಮರ. ಊರೆಲ್ಲ ಹೊಗಳಿತು, ನಾನೂ ಹೊಗಳಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಬಯಲಿನ ಕಾವಲನ್ನು ಅವನೇ ವಹಿಸಿಕೊಂಡ, ಸಂಬಳವಿಲ್ಲದೆ. ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದ, ದನ ಅಟ್ಟುತ್ತಿದ್ದ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವನ್ನು ಕಂಬಕ್ಕೆ ಏರಿಸುತ್ತಿದ್ದ. ಮೂರು ಮಳೆಗಾಲ ವಿಮಾನ ಬಂತು. ಆಮೇಲೆ ವಿಮಾನವೂ ಇಲ್ಲ, ಸಾಹೇಬರೂ ಇಲ್ಲ. ಔಷಧಿ ಇಡಲು ಕಟ್ಟಿದ್ದ ಷೆಡ್ಡಿನ ತಗಡುಗಳು ಒಂದೊಂದಾಗಿ ಯಾರ್ಯಾರದೋ ಕೊಟ್ಟಿಗೆ ಸೇರಿದವು. ಬಯಲಿನ ತುಂಬ ಲಂಟಾನ ಹಬ್ಬಿತು. ಚೀಲ ಹರಿದಾಗಲೆಲ್ಲ ತಿಮ್ಮಣ್ಣ ಗೋಣಿತಾಟಿನ ತೇಪೆ ಹಾಕಿ ಮತ್ತೆ ಏರಿಸುತ್ತಿದ್ದ.

ಅವನ ಹೆಂಡತಿ ಸಿದ್ದಕ್ಕ ಪ್ರತಿ ವರ್ಷ ಹಿತ್ತಲ ಮರದ ಬಲಿತ ಕಾಯಿಗಳನ್ನು ಆರಿಸಿ, ಬಚ್ಚಲ ನೀರು ಹರಿಯುವ ಕಡೆ ಮೊಳಕೆಗೆ ಇಡುತ್ತಿದ್ದಳು.

“ಈ ವರ್ಸನಾದ್ರೂ ನಮ್ ತೋಟದಾಗೆ ಇಕ್ಕಾನ ಕಣ್ರೀ.”

“ವಿಮಾನ ಬಂದ್ರೆ ಮತ್ತೆ ಕಡೀಬೇಕಾಯ್ತದೆ ಕಣೇ. ಇನ್ನೊಂದ್ ವರ್ಸ ತಡಿ.”

ಇನ್ನೊಮ್ಮೆ ಕಡಿಯುವ ಎದೆ ಅವನಿಗಿರಲಿಲ್ಲ. ವಿಮಾನ ಬರುವುದಿಲ್ಲ ಎಂದು ಒಪ್ಪಿಕೊಂಡರೆ ಕಡಿದ ನಲವತ್ತೂ ದಂಡ. ಹೀಗೆ ಸಸಿಗಳೆಲ್ಲ ಊರವರ ಪಾಲಾದವು. ಮೊದಲ ವರ್ಷದ ಹತ್ತು ಸಸಿಗಳನ್ನು ತಂದು ನೆಟ್ಟವನು ನಾನೇ.

ಎಂಬತ್ತಾರರಲ್ಲಿ ಬೇರೇನೋ ಕೆಲಸಕ್ಕೆ ತಿಪಟೂರಿನ ಕೃಷಿ ಕಚೇರಿಗೆ ಹೋದವನು ವಿಮಾನದ ಬಯಲಿನ ಮಾತೆತ್ತಿದೆ. ಗುಮಾಸ್ತ ಫೈಲು ತಿರುವಿ ಹಾಕಿದ.

“ಅದು ಎಪ್ಪತ್ತೈದರಲ್ಲೇ ರದ್ದಾಗಿದೆಯಲ್ರೀ. ನಿಮ್ಮೂರಿಗೆ ಯಾರೂ ಹೇಳ್ಲಿಲ್ವಾ?”

ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷದಲ್ಲಿ ಹೋಗಿ ಕೇಳಬೇಕೆಂದು ನಮಗೂ ಅನ್ನಿಸಿರಲಿಲ್ಲ.

ಬಸ್ಸಿಳಿದಾಗ ತಿಮ್ಮಣ್ಣ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದ. ನನ್ನ ತೋಟಕ್ಕೆ ಕರೆದೊಯ್ದು ಎಳನೀರು ಕೆತ್ತಿಕೊಟ್ಟೆ. ಒಂದು ಗುಟುಕು ಕುಡಿದವನ ಮುಖ ಅರಳಿತು.

“ಇದು ನಮ್ ಹಿತ್ತಲ ಮರದ ನೀರು ಕಣ್ಲಾ!”

ಆಮೇಲೆ ಗುಮಾಸ್ತ ಅಂದದ್ದನ್ನು ಹೇಳಿದೆ. ಅವನು ತಲೆಯೆತ್ತಿ ಮರದ ಗೊನೆಗಳನ್ನು ನೋಡಿದ.

“ಇವ್ನ ನೆಟ್ಟು ಎಷ್ಟ್ ವರ್ಸ ಆಯ್ತಪ್ಪ?”

“ಹತ್ತು.”

ಅವನಿಗಾಗಲೇ ಎಪ್ಪತ್ತು ದಾಟಿತ್ತು. ಕುಡಿಯದೆ ಉಳಿದ ಎಳನೀರನ್ನು ಮರದ ಬುಡಕ್ಕೆ ಸುರಿದ.

“ಸಿದ್ದಿಗೆ ಹೇಳ್‌ಬ್ಯಾಡ. ಈ ವರ್ಸನೂ ಕಾಯಿ ಮೊಳಕೆಗೆ ಇಕ್ಕವಳೆ.”

ಆ ವರ್ಷದ ಸಸಿಗಳನ್ನು ಅವನೇ ಹೊತ್ತು ತಂದು ನನ್ನ ತೋಟದಲ್ಲಿ ನೆಟ್ಟ. ಬೇಡ ಎನ್ನಲು ನನ್ನಿಂದಾಗಲಿಲ್ಲ. ನಮಗ್ಯಾಕೆ ಇಲ್ಲ ಎಂದು ಕೇಳಿದ ಸಿದ್ದಕ್ಕನಿಗೆ, ಮುಂದಿನ ಮಳೆಗಾಲಕ್ಕೆ ವಿಮಾನ ಬರುವುದು ಖಾತ್ರಿಯಾಗಿದೆ ಎಂದು ಹೇಳಿದನಂತೆ.