ಬೀಳ್ಕೊಡುಗೆಯಿಲ್ಲದ ಸಭೆ

೨೦೨೦ರ ಆಗಸ್ಟ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಎರಡು ನಿಮಿಷ. ಇಂಡೊನೇಷ್ಯಾದ ಜೆಪಾರಾ ಊರಿನ ಪೀಠೋಪಕರಣ ಕಾರ್ಖಾನೆಯ ಮಹಡಿ ಮೆಟ್ಟಿಲಲ್ಲಿ ನಿಂತು ಕಸ್ಮೂರಿ ತಮ್ಮ ಅಂಗಿಯ ತೋಳಿಗೆ ಅಂಟಿದ್ದ ತೇಗದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದರು. ಐವತ್ತೇಳರ ವಯಸ್ಸಿನಲ್ಲಿ ಮೊದಲ ಸಲ ಅವರು ಕಂಪ್ಯೂಟರಿನ ಮುಂದೆ ಸಭೆಗೆ ಕೂರುವವರಿದ್ದರು.

ಕೆಳಗಿನಿಂದ ರೋಖಿಮ್ ಕೂಗಿದ. ಬಾಯ್ಲರಿಗೆ ಸೌದೆ ಹಾಕುವವನು, ಬಾಯಿ ಸುಮ್ಮನಿರದವನು; ಕಸ್ಮೂರಿಯನ್ನು ಅಣ್ಣ ಎಂಬರ್ಥದಲ್ಲಿ ಕಾಂಗ್ ಎಂದೇ ಕರೆಯುವವನು.

"ಏನ್ ಕಾಂಗ್, ಸುನ್ನತಿಗೆ ಕೂರಿಸೋ ಹುಡುಗನ ಹಾಗೆ ಸಿಂಗಾರ ಆಗ್ತಿದೆ! ಆ ಡಬ್ಬೀಲಿ ಇರೋರಿಗೆ ನಿನ್ನ ಬೆವರಿನ ವಾಸನೆ ಹೋಗಲ್ಲ ಬಿಡು."

"ವಾಸನೆ ಹೋಗಲ್ಲ ಅಂದ್ರೆ ನೀನಾದ್ರೆ ಸ್ನಾನಾನೇ ಬಿಡ್ತೀಯ. ಹೋಗು, ಒಲೆ ನೋಡು."

ಕಸ್ಮೂರಿಯ ಕೆಲಸ ಓವನ್ ನೋಡಿಕೊಳ್ಳುವುದು. ಜೆಪಾರಾದಲ್ಲಿ ಓವನ್ ಎಂದರೆ ಒಂದು ಲಾರಿ ಹಿಡಿಸುವಷ್ಟು ದೊಡ್ಡ ಇಟ್ಟಿಗೆಯ ಕೋಣೆ. ಒಳಗೆ ಹಬೆಯ ಕೊಳವೆಗಳು, ನಡುವೆ ಪಟ್ಟಿಯಿಟ್ಟು ಪೇರಿಸಿದ ತೇಗದ ಹಲಗೆಗಳು. ಹಲಗೆಯ ನೀರು ಸಾಕಷ್ಟು ಆರದಿದ್ದರೆ ಮೇಜು ಮುಂದೆಂದೋ ಸೀಳುತ್ತದೆ. ಅವಸರದಿಂದ ಆರಿಸಿದರೆ ಓವನಿನೊಳಗೇ ಸೀಳುತ್ತದೆ. ಇಪ್ಪತ್ತಾರು ವರ್ಷ ಅವರು ದಿನವೂ ಬೆಳಿಗ್ಗೆ ಆರಕ್ಕೆ ಒಳಗಿನ ಮಾದರಿ ತುಂಡೊಂದನ್ನು ತೂಗಿ, ತೂಕವನ್ನು ಸೀಮೆಸುಣ್ಣದಲ್ಲಿ ಓವನಿನ ಬಾಗಿಲ ಮೇಲೆ ಬರೆದಿದ್ದರು. ತೇವ ಅಳೆಯುವ ಮೀಟರ್ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಕಾರ್ಖಾನೆಯ ಮುಖ್ಯ ಗಿರಾಕಿ ಡೆನ್ಮಾರ್ಕಿನ ಪ್ರೆಬೆನ್. ಹನ್ನೊಂದು ವರ್ಷ ಆತ ವರ್ಷಕ್ಕೆರಡು ಸಲ ತಪ್ಪದೆ ಬಂದಿದ್ದ. ಮಾಲಕಿ ಬು ಸುಹಾರ್ತಿ ಆತನೊಂದಿಗೆ ಮೇಜಿನ ಬಳಿ ಮಾತಾಡುವಾಗ ಎಲ್ಲರೂ ತಲೆಯಾಡಿಸುತ್ತಿದ್ದರು. ಅತಿಥಿಯ ಎದುರು, ಅದೂ ಮಾಲಕಿಯ ಎದುರು, ಆಗುವುದಿಲ್ಲ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಅದನ್ನು ಹೇಳಲು ಬೇರೆ ಜಾಗವಿತ್ತು. ಸಭೆ ಮುಗಿದು ಪ್ರೆಬೆನ್ ಹೊರಬಾಗಿಲ ಬೆಂಚಿನಲ್ಲಿ ಕೂತು ಬೂಟಿನ ದಾರ ಕಟ್ಟುವಾಗ ಕಸ್ಮೂರಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಇಬ್ಬರೂ ಗೇಟಿನ ತನಕ ನಡೆಯುತ್ತಿದ್ದರು. ಕಚೇರಿಯ ಎರ್ನಿ ಇಂಗ್ಲಿಷಿಗೆ ತಿರುಗಿಸಲು ಹಿಂದೆ ಬರುತ್ತಿದ್ದಳು. "ಮರಕ್ಕೆ ಇನ್ನೂ ಸ್ವಲ್ಪ ದಿನ ಇದ್ರೆ ಚೆನ್ನಾಗಿತ್ತು" ಎಂದು ಅವರು ನೆಲ ನೋಡುತ್ತ ಹೇಳುವರು. ಅರ್ಧ ಗಂಟೆಯಲ್ಲಿ ಕಾರಿನಿಂದಲೇ ಪ್ರೆಬೆನ್ ಫೋನ್ ಮಾಡಿ ತಾನಾಗಿ ದಿನ ಹೆಚ್ಚಿಸುವನು. ಮಾಲಕಿಯ ಮಾತು ಬೀಳುತ್ತಿರಲಿಲ್ಲ, ಮೇಜೂ ಸೀಳುತ್ತಿರಲಿಲ್ಲ.

ಆ ವರ್ಷ ಕೊರೊನಾ ಬಂದು ವಿಮಾನಗಳು ನಿಂತವು. ಸಭೆ ಪರದೆಗೆ ಬಂತು.

ಬು ಸುಹಾರ್ತಿಗೆ ಅದು ಹಿಡಿಸಿತು. ಅತಿಥಿಗೆ ಹೋಟೆಲ್ ಹುಡುಕಬೇಕಿಲ್ಲ, ಸೆಮರಾಂಗ್ ವಿಮಾನ ನಿಲ್ದಾಣಕ್ಕೆ ಕಾರು ಕಳಿಸಬೇಕಿಲ್ಲ. ಆರು ತಿಂಗಳಿಗೊಮ್ಮೆ ಆಗುತ್ತಿದ್ದ ಮಾತು ವಾರಕ್ಕೊಮ್ಮೆ ಆಗತೊಡಗಿತು. ಮುಂಚೆ ಬಾಗಿಲ ಬಳಿ ನಿಂತಿರುತ್ತಿದ್ದ ಕಸ್ಮೂರಿಗೂ ಈಗ ಕುರ್ಚಿ ಸಿಕ್ಕಿತು. "ಓವನ್ ವಿಷಯ ಕೇಳಿದ್ರೆ ಮೆಟ್ಟಿಲಿಳಿದು ಯಾರು ಓಡಾಡ್ತಾರೆ? ನೀವೂ ಬಂದು ಕೂತ್ಕೊಳ್ಳಿ ಪಾಕ್" ಎಂದಿದ್ದಳು ಮಾಲಕಿ. ಅಲ್ಲಿ ಹಿರಿಯ ಗಂಡಸರನ್ನು ಪಾಕ್, ಹೆಂಗಸರನ್ನು ಬು ಎಂದು ಕರೆಯುವುದು ಮರ್ಯಾದೆ.

ಆ ಆಗಸ್ಟಿನ ಸಭೆಯಲ್ಲಿ ಪ್ರೆಬೆನ್ ಕ್ರಿಸ್‌ಮಸ್‌ಗೆ ಮುಂಚೆ ಅರವತ್ತು ಊಟದ ಮೇಜು ಬೇಕೆಂದ. ಹಲಗೆ ನಾಲ್ಕು ಸೆಂಟಿಮೀಟರ್ ದಪ್ಪ. ಹಡಗಿನ ದಿನದಿಂದ ಹಿಂದಕ್ಕೆ ಎಣಿಸಿದರೆ ಓವನಿಗೆ ಉಳಿಯುವುದು ಹದಿನೆಂಟು ದಿನ. ಆಗುತ್ತದೆಯೇ? ಬು ಸುಹಾರ್ತಿ ತಲೆಯಾಡಿಸಿದಳು. ಕಸ್ಮೂರಿಯೂ ಆಡಿಸಿದರು. ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಬೀಳ್ಕೊಡುವಾಗ ಹೇಳೋಣವೆಂದುಕೊಂಡರು.

ಪ್ರೆಬೆನ್ ಕೈಬೀಸಿದ. ಕಸ್ಮೂರಿ ಕುರ್ಚಿಯಿಂದ ಅರ್ಧ ಎದ್ದರು, ಬಾಗಿಲ ಕಡೆಗೆ ತಿರುಗಿದರು. ಅಷ್ಟರಲ್ಲಿ ಮುಖ ಮಾಯವಾಗಿ ಪರದೆ ಕಪ್ಪಾಗಿತ್ತು.

"ಎಲ್ಲಿಗೆ ಪಾಕ್?" ಎಂದಳು ಎರ್ನಿ.

"ಎಲ್ಲಿಗೂ ಇಲ್ಲ" ಎಂದು ಅವರು ಮತ್ತೆ ಕೂತರು.

ಮಾಲಕಿಗೆ ಹೇಳಬಹುದಿತ್ತು. ಆದರೆ ಕೊಟ್ಟ ಮಾತನ್ನು ಹಿಂದಕ್ಕೆ ತಗೊಳ್ಳಿ ಎಂದು ಅವಳಿಗೆ ಹೇಳುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ; ಇಷ್ಟು ವರ್ಷ ಅದನ್ನು ಅತಿಥಿಯೇ ಮಾಡಿಕೊಡುತ್ತಿದ್ದ. ಹದಿನೆಂಟನೆಯ ದಿನ ಹಲಗೆಯೊಂದನ್ನು ನಡುವೆ ಕೊಯ್ದು ಮೀಟರ್ ಚುಚ್ಚಿದರು. ನೂರಕ್ಕೆ ಹದಿನಾಲ್ಕು ನೀರು. ಚಳಿದೇಶದ ಬಿಸಿಮಾಡಿದ ಮನೆಗಳಿಗೆ ಹೋಗುವ ಮರದಲ್ಲಿ ಎಂಟಿರಬೇಕು. ಅವರು ಬಾಗಿಲ ಮೇಲೆ ಹದಿನಾಲ್ಕು ಎಂದೇ ಬರೆದರು, ಸುಳ್ಳು ಬರೆಯಲಿಲ್ಲ. ಆ ಬಾಗಿಲನ್ನು ಓದುವವರು ಅವರೊಬ್ಬರೇ.

ಜನವರಿಯಲ್ಲಿ ದೂರು ಬಂತು. ಅರವತ್ತರಲ್ಲಿ ಇಪ್ಪತ್ಮೂರು ಮೇಜು ಸೀಳಿದ್ದವು.

ಫೆಬ್ರವರಿ ಒಂಬತ್ತರ ಸಭೆಯಲ್ಲಿ ಪ್ರೆಬೆನ್ ತನ್ನ ಕಚೇರಿಯಲ್ಲಿ ಇರಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ಯಾರದೋ ಮನೆಯ ಊಟದ ಕೋಣೆಯಲ್ಲಿ ನಿಂತಿದ್ದ. ಕಿಟಕಿಯಾಚೆ ಹಿಮ, ಕಿಟಕಿಯ ಕೆಳಗೆ ಮನೆ ಬೆಚ್ಚಗಿಡುವ ಬಿಳಿ ಬಣ್ಣದ ಬಿಸಿನೀರಿನ ಕೊಳವೆಗಳು, ಅವುಗಳಿಗೆ ಒಂದು ಮೊಳ ದೂರದಲ್ಲಿ ಮೇಜು. ಅದರ ಉದ್ದಕ್ಕೂ ಕಸೂತಿಯ ಬಟ್ಟೆ ಹಾಸಿತ್ತು. ಮನೆಯೊಡತಿ, ಎಪ್ಪತ್ತು ದಾಟಿದವಳು, ಬಟ್ಟೆ ಸರಿಸಿದಳು. ಬಿರುಕಿನಲ್ಲಿ ಬೆರಳ ತುದಿ ಹೋಗುವಂತಿತ್ತು.

ತಾವು ಆರಿಸಿದ ಮರ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆಂಬುದನ್ನು ಇಷ್ಟು ವರ್ಷಗಳಲ್ಲಿ ಕಸ್ಮೂರಿ ಕಂಡವರಲ್ಲ. ಯಾವ ವಿಮಾನವೂ ಅವರನ್ನು ಆ ಕೋಣೆಗೆ ಕರೆದೊಯ್ಯುತ್ತಿರಲಿಲ್ಲ.

"ಎರ್ನಿ, ಕೆಳಗಡೆ ತೋರಿಸೋಕೆ ಹೇಳಮ್ಮ."

ಫೋನು ಮೇಜಿನಡಿಗೆ ಹೋಯಿತು. ಹಲಗೆಯ ತಳದಲ್ಲಿ ಸೀಮೆಸುಣ್ಣದ ಗುರುತು, ಅವರದೇ ಅಕ್ಷರ: ಎರಡನೆಯ ಓವನ್, ಆಗಸ್ಟ್. ಉಜ್ಜುವವರು ಅಳಿಸದೆ ಬಿಟ್ಟಿದ್ದರು.

ಅಜ್ಜಿ ಏನೋ ಕೇಳಿದಳು. ಪ್ರೆಬೆನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ, ಎರ್ನಿ ತಗ್ಗಿದ ದನಿಯಲ್ಲಿ ತಿರುಗಿಸಿದಳು. "ಮರ ಒಣಗಿಸಿದೋರು ಇವ್ರೇನಾ ಅಂತ ಕೇಳ್ತಿದಾರೆ, ಪಾಕ್. ಬಟ್ಟೆ ಹಾಸಿದ್ರೆ ಬಿರುಕು ಕಾಣಲ್ಲ, ಬೇಜಾರು ಮಾಡ್ಕೋಬೇಡಿ ಅಂತಿದಾರೆ."

ಕಸ್ಮೂರಿ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡರು.

ಪ್ರೆಬೆನ್ ಕುರ್ಚಿ ಎಳೆದು ಕೂತ. ಇಪ್ಪತ್ಮೂರು ಮೇಜುಗಳನ್ನು ನನ್ನ ಖರ್ಚಿನಲ್ಲೇ ಬದಲಿಸಿಕೊಡುವೆ, ಹಳೆಯ ಗೆಳೆತನ, ಅದರ ಮಾತು ಬೇಡ ಎಂದ. ಈಗ ನೂರಿಪ್ಪತ್ತು ಮೇಜು ಬೇಕು. ಹೋದ ಸಲಕ್ಕಿಂತ ಎರಡು ದಿನ ಹೆಚ್ಚು ಕೊಡುತ್ತೇನೆ, ಇಪ್ಪತ್ತು. ಆದರೆ ಇನ್ನೊಮ್ಮೆ ಸೀಳಿದರೆ ಮರಕ್ಕೆ ಬೇರೆ ಊರು ನೋಡಬೇಕಾಗುತ್ತದೆ.

ಬು ಸುಹಾರ್ತಿ ಆಗಲೇ ತಲೆಯಾಡಿಸತೊಡಗಿದ್ದಳು. "ಖಂಡಿತ. ಹೋದ್ಸಲ ಮರಾನೇ ಸರಿ ಇರ್ಲಿಲ್ಲ. ಮಂಡಿಯೋನಿಗೆ ಹೇಳಿದೀನಿ. ಇಪ್ಪತ್ತು ದಿನ ಸಾಕು. ಅಲ್ವಾ ಪಾಕ್?"

ಎಲ್ಲ ಸಲದಂತೆ ಅವಳ ಕಣ್ಣು ಇವರ ತಲೆಯಾಡಿಕೆಗೆ ಕಾಯುತ್ತಿತ್ತು. ಕೆಳಗೆ ನಲವತ್ತು ಜನ ಉಳಿ ಹಿಡಿದು ಕೂತಿದ್ದರು. ಪರದೆಯಲ್ಲಿ ಪ್ರೆಬೆನ್ನನ ಬೆರಳು ಕರೆ ಮುಗಿಸುವ ಗುಂಡಿಯತ್ತ ಬರುತ್ತಿತ್ತು.

"ಬು, ಕ್ಷಮಿಸಿ" ಎಂದರು ಕಸ್ಮೂರಿ. "ಮರದ ತಪ್ಪಿಲ್ಲ. ಮಂಡಿಯೋನ ತಪ್ಪೂ ಇಲ್ಲ. ಹದಿನೆಂಟು ದಿನ ಸಾಲಲ್ಲ ಅಂತ ನಂಗೆ ಗೊತ್ತಿತ್ತು. ತಲೆ ಆಡಿಸಿದ್ದು ನಾನು."

ಮಾಲಕಿಯ ಮುಖ ಕಿವಿಯವರೆಗೂ ಕೆಂಪೇರಿತು. ಎರ್ನಿ ಇಂಗ್ಲಿಷಿಗೆ ತಿರುಗಿಸದೆ ಅವಳ ಮುಖ ನೋಡಿದಳು. ಕೆಳಗಿನ ಉಜ್ಜುವ ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಇದನ್ನ ಈಗ ಹೇಳ್ತೀರಾ? ಇವ್ರ ಮುಂದೆ?"

"ಮತ್ತೆಲ್ಲಿ ಹೇಳ್ಲಿ ಬು? ಇವ್ರನ್ನ ಗೇಟಿನ ತನಕ ಕರ್ಕೊಂಡು ಹೋಗೋಕಾಗಲ್ವಲ್ಲ."

ಬು ಸುಹಾರ್ತಿ ಪರದೆಯ ಅಂಚಿನಲ್ಲಿ ಇನ್ನೂ ಕಾಣುತ್ತಿದ್ದ ಬಿರುಕನ್ನು ನೋಡಿದಳು. ಆಮೇಲೆ ಎರ್ನಿಗೆ ಹೇಳಿದಳು: "ಅವ್ರು ಹೇಳಿದ್ದನ್ನ ಹಾಗೇ ಹೇಳು. ಒಂದಕ್ಷರ ಬಿಡಬೇಡ."

ಎರ್ನಿ ಹೇಳಿದಳು. ಪ್ರೆಬೆನ್ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕ್ಯಾಮೆರಾದ ಹತ್ತಿರ ಬಗ್ಗಿ, ಹಾಗಾದರೆ ಎಷ್ಟು ದಿನ ಎಂದು ಕೇಳಿದ.

ಕಸ್ಮೂರಿ ಎದ್ದು ನಿಂತರು. ಎರ್ನಿಯ ಕಡೆ ತಿರುಗಲಿಲ್ಲ. ನೇರ ಪರದೆಯನ್ನೇ ನೋಡುತ್ತ, ಕೆಳಗೆ ರೋಖಿಮ್‌ಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

"ಇಪ್ಪತ್ತೊಂಬತ್ತು."