ದೊರೆಗೆ ಮಧ್ಯಾಹ್ನವೇ ಸಂಜೆಯಾದ ದಿನ

ನಮ್ಮ ಅತ್ತಿಗೆಯ ಎದುರು ಕೊಳೆ ಅಂಗಿ ತೊಟ್ಟು ಕೂರುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅವರ ಲಾಂಡ್ರಿ. ಗಿರಾಕಿ ಗಂಟು ಬಿಚ್ಚುವಷ್ಟರಲ್ಲೇ ಮೂಗು ತೂರಿಸಿ, "ಇದು ಎಣ್ಣೆ, ಇದು ಶಾಯಿ, ಇದೇನು ಅಂತ ನೀವೂ ಹೇಳಲ್ಲ ಬಿಡಿ" ಎನ್ನುತ್ತಾರೆ. ನಾನು ಅವರ ನಾದಿನಿ, ಮಹಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಅವರ ಬಾಯಿಗೆ ಹೆದರುತ್ತೇನೆ. ಆದರೂ ದಿನಕ್ಕೊಮ್ಮೆ ಮನಸ್ಸಿನಲ್ಲೇ ಅವರಿಗೆ ಕೈಮುಗಿಯುತ್ತೇನೆ. ಯಾಕೆಂದು ಹೇಳುತ್ತೇನೆ.

ಅಣ್ಣನಿಗೆ ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಅವನು ಬೀದಿಯಿಂದ ಎತ್ತಿಕೊಂಡು ಬಂದ ನಾಯಿಯ ಹೆಸರು ದೊರೆ. ಹಗಲಿಡೀ ಕಾಲು ಚಾಚಿ ಬಿದ್ದುಕೊಂಡಿರುವ ಪ್ರಾಣಿಗೆ ಬೇರೆ ಹೆಸರು ಒಪ್ಪುವುದೂ ಇಲ್ಲ. ಸಂಜೆ ಅಣ್ಣ ಬರುವ ಸ್ವಲ್ಪ ಮುಂಚೆ ಮಾತ್ರ ದೊರೆ ತಾನಾಗಿಯೇ ಎದ್ದು, ಮೈ ಮುರಿದು, ಹೋಗಿ ಬಾಗಿಲಲ್ಲಿ ನಿಲ್ಲುತ್ತಿತ್ತು. ಅತ್ತಿಗೆ ಗೋಡೆಯ ಗಡಿಯಾರವನ್ನು ನಂಬುತ್ತಿರಲಿಲ್ಲ, ದೊರೆ ಎದ್ದರೆ ಚಹಾಕ್ಕೆ ನೀರಿಡುತ್ತಿದ್ದರು.

ಆ ದಿನ ಗಿರಾಕಿಗಳು ಕಡಿಮೆ. ಅತ್ತಿಗೆಗೆ ಸುಮ್ಮನೆ ಕೂತು ಗೊತ್ತಿಲ್ಲ, ಸ್ವಂತ ಮನೆಯ ಮೇಲೆ ಬಿದ್ದರು. ಅಣ್ಣನ ಹೊದಿಕೆ, ದಿಂಬಿನ ಚೀಲ, ಗೂಟದಲ್ಲಿ ತೂಗುತ್ತಿದ್ದ ಅವನ ಕೋಟು, ಕೊನೆಗೆ ದೊರೆ ಮಲಗುವ ಅಣ್ಣನ ಹಳೇ ಸ್ವೆಟರ್ ಕೂಡ ನೀರು ಕಂಡಿತು. ನೆಲಕ್ಕೆಲ್ಲ ಫಿನಾಯಿಲ್ ಬಿತ್ತು. ಮನೆ ಫಳಫಳ ಎನ್ನುವ ಹೊತ್ತಿಗೆ ಬಿಸಿಲು ನೆತ್ತಿಯ ಮೇಲಿತ್ತು.

ಆಗ ದೊರೆ ಎದ್ದಿತು. ಮನೆಯೆಲ್ಲ ಮೂಸಿತು. ಹೋಗಿ ಬಾಗಿಲಲ್ಲಿ ನಿಂತಿತು. ಅಣ್ಣ ಬರಲಿಲ್ಲ. ದೊರೆ ಕುಂಯ್‌ಗುಟ್ಟಲು ಶುರುಮಾಡಿ, ಆಮೇಲೆ ಬಾಗಿಲು ಪರಚಿತು.

"ಸುಮ್ನಿರೋ, ಇನ್ನೂ ಊಟದ ಹೊತ್ತು" ಎಂದು ಅತ್ತಿಗೆ ಗದರಿದರು. ಅದು ಕೇಳಲಿಲ್ಲ. ಇಸ್ತ್ರಿಪೆಟ್ಟಿಗೆ ಹಿಡಿದ ಅವರ ಕೈ ನಿಂತಿತು. ಅಣ್ಣನಿಗೆ ಫೋನ್ ಮಾಡಿದರು, ಸಿಗಲಿಲ್ಲ. ಕೋಲ್ಡ್ ಸ್ಟೋರೇಜಿನ ದಪ್ಪ ಗೋಡೆಗಳ ಒಳಗೆ ಫೋನ್ ಯಾವತ್ತೂ ಸಿಗುತ್ತಿರಲಿಲ್ಲ, ಅದು ಅವರಿಗೂ ಗೊತ್ತು.

"ಇದು ಇವತ್ತಿನ ತನಕ ಹೀಗೆ ಮಾಡಿದ್ದಿಲ್ಲ. ಇವ್ರಿಗೆ ಏನೋ ಆಗಿದೆ ಕಣೇ. ಗಾಡಿ ತೆಗಿ."

"ಅತ್ತಿಗೆ, ನಾಯಿ ಮಾತು ಕೇಳ್ಕೊಂಡು ಹೊರಟ್ರೆ ಜನ ನಗ್ತಾರೆ."

"ನಗ್ಲಿ. ನೀನು ಗಾಡಿ ತೆಗಿ."

ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಕಾವಲುಗಾರ ನಿಜಕ್ಕೂ ನಕ್ಕ. "ಒಳಗೇ ಇದ್ದಾರಮ್ಮ, ಇನ್ನೆಲ್ಲಿ ಹೋಗ್ತಾರೆ?" ಎಂದ. ಅತ್ತಿಗೆ ಅವನನ್ನು ಎಳೆದುಕೊಂಡೇ ಹೋಗಿ ಶೀತಕೋಣೆಯ ಬಾಗಿಲು ತೆಗೆಸಿದರು. ಒಳಗೆ ಹಣ್ಣಿನ ಪೆಟ್ಟಿಗೆಗಳ ಒಂದು ಸಾಲು ಕುಸಿದಿತ್ತು. ಅದರ ಕೆಳಗೆ ಅಣ್ಣನಿದ್ದ. ತೊಡೆ ಮುರಿದಿತ್ತು, ತುಟಿ ನೀಲಿಯಾಗಿತ್ತು, ಕೂಗಲು ದನಿ ಉಳಿದಿರಲಿಲ್ಲ. ಜೊತೆಗಾರ ಅವತ್ತು ರಜೆ. ಸಂಜೆ ಪಾಳಿಯವರು ಬರುವ ತನಕ ಆ ಬಾಗಿಲನ್ನು ಯಾರೂ ತೆಗೆಯುತ್ತಿರಲಿಲ್ಲ.

"ಸಂಜೆವರೆಗೂ ಬಿಟ್ಟಿದ್ರೆ ನಮ್ಮ ಕೈಲೂ ಏನೂ ಆಗ್ತಿರ್ಲಿಲ್ಲ" ಎಂದರು ಆಸ್ಪತ್ರೆಯ ಡಾಕ್ಟರು. ನಾನು ಬೆಂಚಿನ ಮೇಲೆ ಕೂತು ಅತ್ತಿಗೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರು ಅಳಲಿಲ್ಲ. ನನ್ನ ಕೆನ್ನೆಯನ್ನು ಸೆರಗಿನಿಂದ ಒರೆಸಿದರು.

ಬೀದಿಯವರೆಲ್ಲ ದೊರೆಯನ್ನು ನೋಡಲು ಬಂದರು. ಅದಕ್ಕೆ ಮುಂದಾಗುವುದೆಲ್ಲ ಗೊತ್ತಾಗುತ್ತದಂತೆ ಎಂದು ಸುದ್ದಿಯಾಯಿತು. ನಾಯಿಗೆ ಚುಚ್ಚುಮದ್ದು ಹಾಕಲು ಬಂದ ಪಶುವೈದ್ಯೆ ಮಾತ್ರ ಎಲ್ಲ ಕೇಳಿಸಿಕೊಂಡು ನಕ್ಕರು.

"ನಾಯಿಗಳಿಗೆ ಹೊತ್ತು ಗೊತ್ತಾಗೋದು ಬಹುಶಃ ಮೂಗಿನಿಂದ ಅಂತಾರೆ. ಯಜಮಾನ್ರು ಹೋದಮೇಲೆ ಮನೇಲಿ ಅವರ ವಾಸನೆ ಕಮ್ಮಿಯಾಗ್ತಾ ಬರುತ್ತೆ. ಇಷ್ಟು ಕಮ್ಮಿಯಾದ್ರೆ ಬರೋ ಹೊತ್ತಾಯ್ತು ಅಂತ ಅದರ ಲೆಕ್ಕ ಇರ್ಬೇಕು. ನೀವು ಎಲ್ಲಾ ತೊಳೆದುಬಿಟ್ರಿ. ಅದಕ್ಕೆ ಮಧ್ಯಾಹ್ನಕ್ಕೇ ಸಂಜೆ ಆಗಿಹೋಯ್ತೇನೋ."

ನನಗೆ ತುಸು ನಿರಾಸೆಯಾಯಿತು. "ಹಾಗಾದ್ರೆ ಇದಕ್ಕೆ ಏನೂ ಗೊತ್ತೇ ಇರ್ಲಿಲ್ವಾ?" ಎಂದೆ.

"ಇವ್ರು ಬರ್ಬೇಕಿತ್ತು, ಬರ್ಲಿಲ್ಲ ಅಂತ ಗೊತ್ತಿತ್ತಲ್ಲ. ಇನ್ನೇನು ಬೇಕು?" ಎಂದು ಅತ್ತಿಗೆ ದೊರೆಯ ಕಿವಿಯ ಹಿಂದೆ ಕೆರೆದರು. ನಾಯಿ ತಪ್ಪು ತಿಳಿದಿದ್ದಕ್ಕೇ ಅವರ ಕೃತಜ್ಞತೆ ಇನ್ನೂ ಹೆಚ್ಚಾದಂತಿತ್ತು.

ಅಂದಿನಿಂದ ಅವರು ಹೊಸದೊಂದು ಕೆಲಸ ಹಚ್ಚಿಕೊಂಡರು. ದಿನವೂ ಆಸ್ಪತ್ರೆಯಿಂದ ಬರುವಾಗ ಅಣ್ಣ ತೊಟ್ಟು ಬಿಟ್ಟ ಅಂಗಿ ತಂದು, ತೊಳೆಯದೆ, ದೊರೆ ಮಲಗುವ ಜಾಗದಲ್ಲಿ ಹಾಸುತ್ತಿದ್ದರು. ಒಮ್ಮೆ ನಾನು ಅದನ್ನು ಒಗೆಯಲು ಎತ್ತಿದೆ.

"ಮುಟ್ಬೇಡ!" ಎಂದು ಚೀರಿದರು. ಬೆವರಿನ ಅಂಗಿಯನ್ನು ಕಾಪಾಡಲು ನಮ್ಮ ಅತ್ತಿಗೆ ಚೀರುವುದೆಂದರೆ! ನಾನು ಕಣ್ಣು ಕಣ್ಣು ಬಿಟ್ಟೆ.

"ವಾಸನೆ ಪೂರ್ತಿ ಹೋಯ್ತು ಅಂದ್ರೆ ಇನ್ನು ಬರಲ್ಲ ಅಂದ್ಕೊಂಡ್ಬಿಡುತ್ತೆ ಪಾಪ. ಇವ್ರು ಬೆಳಿಗ್ಗೆ ತಾನೇ ಹೋದ್ರು ಅಂದ್ಕೊಂಡಿರ್ಲಿ. ಅದೊಂದು ಜೀವಕ್ಕಾದ್ರೂ ದಿನ ಬೇಗ ಕಳೀಲಿ."

ಹಾಗೆ ವಾರಗಳು ಕಳೆದವು. ದೊರೆ ದಿನಾ ಸಂಜೆ ಬಾಗಿಲಿಗೆ ಹೋಗುತ್ತಿತ್ತು, ಅಂಗಿ ಮೂಸುತ್ತಿತ್ತು, ಉಂಡು ಮಲಗುತ್ತಿತ್ತು. ಒಂದು ಹೊತ್ತೂ ಅನ್ನ ಬಿಡಲಿಲ್ಲ.

ಅಣ್ಣ ಊರುಗೋಲು ಹಿಡಿದು ಹೊಸ್ತಿಲು ದಾಟಿದ ದಿನ ನಾವೆಲ್ಲ ಉಸಿರು ಬಿಗಿಹಿಡಿದು ದೊರೆಯನ್ನೇ ನೋಡುತ್ತಿದ್ದೆವು. ಅದು ಎದ್ದು, ಎಂದಿನ ಹಾಗೆ ನಾಲ್ಕು ಸಲ ಬಾಲ ಆಡಿಸಿ, ಅವನ ಕಾಲು ಮೂಸಿ, ಮತ್ತೆ ಹೋಗಿ ಮಲಗಿತು.

ಅಣ್ಣನ ಮುಖ ಪೆಚ್ಚಾಯಿತು. "ಅಷ್ಟೇನಾ? ಇಷ್ಟು ದಿನ ನಾನು ಇರ್ಲಿಲ್ಲ ಅಂತ ಈ ಮನೇಲಿ ಯಾರಿಗೂ ಅನ್ನಿಸ್ಲೇ ಇಲ್ವಾ?"

ಅತ್ತಿಗೆ ಅವನ ಅಂಗಿಯ ಎದೆಗೆ ಮುಖ ಒತ್ತಿ, ಆವತ್ತಿನಿಂದ ತಡೆದಿಟ್ಟ ಅಳುವನ್ನೆಲ್ಲ ಅಲ್ಲೇ ಅತ್ತುಬಿಟ್ಟರು.